ನಮ್ಮ ಶಹಾಪುರ ಬಾತ್ಮಿದಾರರಿಂದ

ನಮ್ಮ ಸೋದರಮಾವ ಜಗದೇವಪ್ಪನವರಿಗೆ ಶಹಾಪುರದ ಪೇಟೆಯಲ್ಲಿ ಒಂದು ಕಿರಾಣಿ ಅಂಗಡಿ ಇತ್ತು. ಬೆಲ್ಲ, ಉಪ್ಪು, ಕುಸುಬಿ ಎಣ್ಣೆ, ಹಗ್ಗ, ಮಿಣಿ ಮಾರಿಕೊಂಡು ನೆಮ್ಮದಿಯಿಂದ ಇರಬಹುದಾಗಿತ್ತು. ಆದರೆ ಇರಲಾರದವರು ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಹಾಗೆ ಅವರು ಬಾತ್ಮಿದಾರರಾದರು. ಈ ಗಾದೆ ನನ್ನದಲ್ಲ, ನಮ್ಮವ್ವ ಭಾಗಮ್ಮನದು. ಅವಳು ಮಾವನ ಬೆನ್ನಿಗೆ ಬಿದ್ದ ತಂಗಿ. ಅಣ್ಣನ ಬಗ್ಗೆ ಬೇರೆಯವರು ಒಂದು ಮಾತು ಆಡಿದರೆ ಜಗಳಕ್ಕೆ ನಿಲ್ಲುತ್ತಿದ್ದಳು, ತಾನು ಮಾತ್ರ ದಿನಕ್ಕೆ ಹತ್ತು ಆಡುತ್ತಿದ್ದಳು. ಈ ಸಂಗತಿಯ ಕಡೆಯ ಭಾಗ ಬಿಟ್ಟರೆ ಉಳಿದದ್ದೆಲ್ಲ ಅವಳು ರೊಟ್ಟಿ ಬಡಿಯುತ್ತ ಹೇಳಿದ್ದು.

ನಿಜಾಮರ ಆಳ್ವಿಕೆ ಹೋಗಿ ಎರಡು ಮೂರು ವರ್ಷವಾಗಿತ್ತು. ಅಲ್ಲಿಯವರೆಗೆ ನಮ್ಮ ಕಡೆ ಓದುವವರು ಓದುತ್ತಿದ್ದದ್ದು ಹೈದರಾಬಾದಿನಿಂದ ಬರುವ ಉರ್ದು ಅಖಬಾರು. ಆಗ ಕಲಬುರ್ಗಿಯಲ್ಲಿ ಒಂದು ಕನ್ನಡ ವಾರಪತ್ರಿಕೆ ಹುಟ್ಟಿತು. ಅದರ ಹೆಸರು ಈಗ ಬೇಡ, ಆರು ವರ್ಷ ಬದುಕಿ ಮುಚ್ಚಿಹೋಯಿತು. ಅದರ ಸಂಪಾದಕರು ಊರೂರಿಗೆ ಒಬ್ಬ ಸುದ್ದಿ ಬರೆಯುವವನನ್ನು ಹುಡುಕುತ್ತಿದ್ದರು. ಮಾವ ಉರ್ದು ಸಾಲೆಯಲ್ಲಿ ಮಿಡಲ್ ಪಾಸಾದವರು, ಕನ್ನಡ ಅಕ್ಷರ ಮಠದಲ್ಲಿ ಕಲಿತವರು. ಅಷ್ಟೇ ಸಾಕೆಂದು ಅವರಿಗೆ ಒಂದು ನೇಮಕದ ಕಾಗದ ಬಂತು. ಪಗಾರ ಇಲ್ಲ, ವಾರಕ್ಕೊಂದು ಪುಕ್ಕಟೆ ಪ್ರತಿ, ತಿಂಗಳಿಗೆ ಎಂಟು ಸ್ಟ್ಯಾಂಪು. ಕಾಗದದ ನೆತ್ತಿಯ ಮೇಲೆ "ಶಹಾಪುರ ಬಾತ್ಮಿದಾರರು" ಎಂದಿತ್ತು.

ಬಾತ್ಮಿದಾರ ಅನ್ನುವ ಮಾತು ಧಾರವಾಡ, ಹುಬ್ಬಳ್ಳಿ ಕಡೆ ಬಳಕೆಯದು. ನಮ್ಮ ಪೇಟೆಗೆ ಅದು ಹೊಸದು. ನಮಗೆ ಗೊತ್ತಿದ್ದವನು ಮುಖಬೀರ, ಅಂದರೆ ಮಂದಿ ಆಡಿದ್ದನ್ನು ಪೊಲೀಸರಿಗೆ ಮುಟ್ಟಿಸುವವನು. ಇವರೂ ಅದೇ ಇರಬೇಕೆಂದು ಮೊದಲ ತಿಂಗಳು ಅಂಗಡಿಗೆ ಬಂದವರು ಬೆಲ್ಲ ತೂಗಿಸಿಕೊಂಡು ತುಟಿ ಹೊಲಿದುಕೊಂಡೇ ಹೋದರು. ಆ ಹೆದರಿಕೆ ಹೋಗಬೇಕೆಂದು ಮಾವ ಸಂಪಾದಕರಿಗೆ ಬರೆದು ಆ ಶಬ್ದದ ಅರ್ಥ ಕೇಳಿದರು. ಉತ್ತರ ಬಂತು: "ಬಾತ್ಮಿ ಎಂದರೆ ಕಣ್ಣಾರೆ ಕಂಡದ್ದು, ಇಲ್ಲವೇ ಕಂಡವರನ್ನು ಕೇಳಿ ಖಾತ್ರಿ ಮಾಡಿಕೊಂಡದ್ದು. ಮಿಕ್ಕದ್ದೆಲ್ಲ ವದಂತಿ. ಬಾತ್ಮಿಗೆ ಕಾಲಿನಿಂದ ಹೋಗಬೇಕು, ವದಂತಿ ತಾನೇ ಬರುತ್ತದೆ. ತಾನೇ ಬಂದದ್ದಕ್ಕೆ ನಮ್ಮ ಸ್ಟ್ಯಾಂಪು ಹಚ್ಚಬೇಡಿರಿ."

ಮಾವ ಇದನ್ನು ತಕ್ಕಡಿಯ ಹಿಂದಿನ ಗೋಡೆಗೆ ಅಂಟಿಸಿದರು. ಅಲ್ಲಿಂದ ಮುಂದೆ ಅವರ ಎದುರು ಮಾತಾಡುವುದೇ ಕಷ್ಟವಾಯಿತು. ಅತ್ತೆ ಗೊಲ್ಲಾಳಮ್ಮ ಬೆಕ್ಕು ಹಾಲು ಕುಡಿಯಿತು ಅಂದರೆ, "ಕಂಡಿಯೇನು? ಇಲ್ಲಾ ಗಡಿಗಿ ಬರಿದಾಗಿದ್ದು ಕಂಡಿಯೋ?" ಅನ್ನುತ್ತಿದ್ದರು. ಬರೆಯುವುದು ಮಾತ್ರ ಚೊಕ್ಕ ಬರೆದರು. ಯಾವ ಬಾವಿ ಬತ್ತಿತು, ಯಾವ ಊರಿಗೆ ಕನ್ನಡ ಸಾಲೆ ಬಂತು, ಸುರಪುರದ ಬಸ್ಸು ಎಲ್ಲಿ ಕೆಟ್ಟು ನಿಂತಿತು, ಎಲ್ಲ ಹೋಗಿ ನೋಡಿ ಬರೆದದ್ದು. ಅಚ್ಚಾದಾಗ ಅವರ ಹೆಸರು ಇರುತ್ತಿರಲಿಲ್ಲ. "ನಮ್ಮ ಶಹಾಪುರ ಬಾತ್ಮಿದಾರರಿಂದ" ಅಂತಷ್ಟೇ. ಆ "ನಮ್ಮ" ಅನ್ನುವುದರ ಮೇಲೆ ಅವರಿಗೆ ಭಾರೀ ಪ್ರೀತಿ.

ಮೊದಲ ಚುನಾವಣೆ ಮುಗಿದ ಬೇಸಿಗೆಯಲ್ಲಿ ಒಂದು ಸೋಮವಾರ ಮಾವ ಯಾದಗಿರಿಗೆ ಹೋಗಿದ್ದರು. ಕಲಬುರ್ಗಿಗೆ ಹೋಗುವ ಮೇಲ್ ಗಾಡಿಯ ಟಪಾಲು ಡಬ್ಬಿಯಲ್ಲಿ ಕಾಗದ ಹಾಕಿದರೆ ಒಂದು ದಿನ ಉಳಿಯುತ್ತದೆ ಎಂದು ಆಗಾಗ ಹಾಗೆ ಹೋಗುತ್ತಿದ್ದರು. ಸ್ಟೇಷನ್ ಹೊರಗೆ ಬೇವಿನ ಗಿಡದ ಕೆಳಗೆ ಒಬ್ಬ ಹೆಣ್ಣುಮಗಳು ನೆಲಕ್ಕೆ ಕುಸಿದು ಎದೆ ಬಡಿದುಕೊಂಡು ಅಳುತ್ತಿದ್ದಳು. ಪಕ್ಕದಲ್ಲಿ ಮೆಣಸಿನಕಾಯಿಯ ಬುಟ್ಟಿ ಉರುಳಿತ್ತು. ಮಾವನಿಗೆ ಗುರುತು ಸಿಕ್ಕಿತು. ಕೊಂಕಲ್ಲಿನ ಕುರುಬರ ಹುಲಗಪ್ಪನ ಮಗಳು ರೇಣಮ್ಮ, ಹತ್ತಿಕುಣಿಗೆ ಕೊಟ್ಟವಳು. ಹುಲಗಪ್ಪ ಮುನ್ನೂರು ಕುರಿಯ ಹಿರಿಯ ಮನುಷ್ಯ, ಉಣ್ಣೆ ಮಾರಲು ಶಹಾಪುರಕ್ಕೆ ಬಂದಾಗ ಹಗ್ಗ ಕೊಳ್ಳುತ್ತಿದ್ದದ್ದು ಮಾವನ ಅಂಗಡಿಯಲ್ಲೇ. ಅವನ ಅಣ್ಣನ ಮಗ ದೇವಿಂದ್ರಪ್ಪ ರೇಣಮ್ಮನ ಮುಂದೆ ತಲೆ ತಗ್ಗಿಸಿ ನಿಂತಿದ್ದ.

"ಏನಾತೋ ದೇವಿಂದ್ರಪ್ಪ?"

"ಕಾಕಾ ಹ್ವಾದ್ರಿ ಸಾವಕಾರ್ರ."

"ಯಾವಾಗ?"

"ಮುಂಜಾನಿ. ಕುರಿ ಹಟ್ಟ್ಯಾಗ."

"ನೀ ಕಣ್ಣಿಲೆ ಕಂಡೇನು?"

"ಮಗ್ಗಲದಾಗ ಇದ್ನಿರಿ."

ಮಾವ ಅಲ್ಲೇ ಕಟ್ಟೆಯ ಮೇಲೆ ಕೂತು ಬರೆದರು: "ಕೊಂಕಲ್ ಗ್ರಾಮದ ಹಿರಿಯ ಕುರಿಗಾರರಾದ ಹುಲಗಪ್ಪ ತಂದೆ ಬೀರಪ್ಪ ಇವರು ಇದೇ ಸೋಮವಾರ ಮುಂಜಾನೆ ನಿಧನ ಹೊಂದಿದರು. ಮೃತರಿಗೆ ಸುಮಾರು ಮುನ್ನೂರು ಕುರಿಗಳಿದ್ದವು." ಗಾಡಿ ಬಂತು, ಕಾಗದ ಹೋಯಿತು, ಮಾವ ಶಹಾಪುರದ ಬಸ್ಸು ಹತ್ತಿದರು.

ಅವರು ಇನ್ನೊಂದು ತಾಸು ಅಲ್ಲಿ ನಿಂತಿದ್ದರೆ ರೇಣಮ್ಮ ದೇವಿಂದ್ರಪ್ಪನಿಗೆ ಕಾಲಲ್ಲಿದ್ದ ಕಾಲ್ಮರಿ ಬಿಚ್ಚಿ ಬಾರಿಸುವುದನ್ನೂ ಆಮೇಲೆ ಇಬ್ಬರೂ ನಗುತ್ತ ಮೆಣಸಿನಕಾಯಿ ಆರಿಸಿ ಬುಟ್ಟಿಗೆ ತುಂಬುವುದನ್ನೂ ಕಾಣುತ್ತಿದ್ದರು. ಏಕೆಂದರೆ ಅಂದು ಮುಂಜಾನೆ ಹುಲಗಪ್ಪನ ತಲೆಯ ಮೇಲೆ ಕಾಗೆ ಕೂತಿತ್ತು. ಕಾಗೆ ಕೂತರೆ ಸಾವು ಬೆನ್ನು ಹತ್ತಿದೆ ಎಂದು ಅರ್ಥ. ಅದಕ್ಕೊಂದು ಉಪಾಯ ಉಂಟು. ಕಾಗೆ ಕೂಡಿಸಿಕೊಂಡವನು ಸತ್ತ ಎಂದು ಹತ್ತಿರದ ನೆಂಟರಿಗೆ ಸುಳ್ಳು ಸುದ್ದಿ ಮುಟ್ಟಿಸುವುದು. ಅವರು ಖರೆ ಅಂತಲೇ ತಿಳಿದು ಕಣ್ಣೀರು ಹಾಕಬೇಕು. ಅತ್ತಾದ ಮೇಲೆ ನಿಜ ಹೇಳುವುದು. ಆಮೇಲೆ ಸತ್ತವನು ತಾನೇ ಆ ಮನೆಗೆ ಹೋಗಿ ಏನಾದರೂ ಉಂಡು ಕುಡಿದು ಬಂದರೆ ಗಂಡಾಂತರ ಕಳೆಯಿತು.

ಇದು ಮಾವನಿಗೆ ಗೊತ್ತಿರಲಿಲ್ಲವೇ ಅಂದರೆ, ಚೆನ್ನಾಗಿ ಗೊತ್ತಿತ್ತು. ಅವರ ತಾಯಿಯೇ ಒಮ್ಮೆ ಹೀಗೆ ಸತ್ತು ಎದ್ದವಳು. ನಮ್ಮ ಸೀಮೆಯಲ್ಲಿ ಯಾರಾದರೂ ಸತ್ತರು ಅಂದರೆ ದಡ್ಡನೂ ಮೊದಲು ಕೇಳುವುದು "ಕಾಗಿ ಕುಂತಿತ್ತೇನು?" ಅಂತ. ಮಾವ ಅದೊಂದು ಬಿಟ್ಟು ಉಳಿದದ್ದೆಲ್ಲ ಕೇಳಿದರು. ಕಣ್ಣೀರು ಕಂಡಿದ್ದರು, ಮಗ್ಗುಲಲ್ಲಿ ಇದ್ದವನನ್ನು ವಿಚಾರಿಸಿದ್ದರು, ಗೋಡೆಗೆ ಅಂಟಿಸಿದ ಕಾಗದದ ಪ್ರಕಾರ ಅದು ಚೊಕ್ಕ ಬಾತ್ಮಿ. ಕಾಯಿದೆ ಓದಿದವನು ಊರ ರೀತಿ ಮರೆತ, ಅನ್ನುತ್ತಿದ್ದಳು ಅವ್ವ.

ಮುಂದಿನ ವಾರ ಪತ್ರಿಕೆ ಬಂತು. ಕೊಂಕಲ್ಲಿಗೆ ಬರುತ್ತಿದ್ದದ್ದು ಒಂದೇ ಪ್ರತಿ, ಗೌಡರ ಮನೆಗೆ. ಸಂಜೆ ಚಾವಡಿಯಲ್ಲಿ ಅದನ್ನು ಎಲ್ಲರಿಗೂ ಕೇಳುವಂತೆ ಓದುವ ರೂಢಿ. ಹುಲಗಪ್ಪ ಮಗಳ ಮನೆಯಲ್ಲಿ ಉಂಡು ಬಂದು, ಕಾಗೆಯನ್ನು ಮರೆತು, ಅಂದು ಎಲ್ಲರ ನಡುವೆ ಕೂತು ಕೇಳುತ್ತಿದ್ದ. ಓದುವವರು ತಲೆ ಎತ್ತದೆ ಓದಿದರು. ಚಾವಡಿಯಲ್ಲಿ ಯಾರೋ ಕಿಸಕ್ಕೆಂದರು. ಹುಲಗಪ್ಪ ನಗಲಿಲ್ಲ.

"ಇನ್ನೊಮ್ಮಿ ಓದ್ರಿ," ಅಂದ.

ಇನ್ನೊಮ್ಮೆ ಓದಿದಾಗಲೂ ಅವನು ಸತ್ತೇ ಇದ್ದ. ಎದ್ದು ಮನೆಗೆ ಹೋಗಿ ಕಂಬಳಿ ಹಾಸಿ ಮಲಗಿದ. ಮರುದಿನ ದೇವಿಂದ್ರಪ್ಪನನ್ನು ಕರೆದು ಉಣ್ಣೆ ಕತ್ತರಿಸುವ ಕತ್ತರಿಯನ್ನು ಅವನ ಕೈಗೆ ಕೊಟ್ಟ.

ಮಾವನಿಗೆ ಇದು ತಿಳಿದದ್ದು ಬಸ್ಸಿನಲ್ಲಿ ಸಿಕ್ಕ ಕೊಂಕಲ್ಲಿನವರ ಬಾಯಿಂದ. ಕೇಳಿದ ದಿನವೇ ಸಂಪಾದಕರಿಗೆ ತಿದ್ದುಪಡಿ ಹಾಕಲು ತಂತಿ ಕೊಟ್ಟರು. ಅದು ಅಚ್ಚಾಗಿ ಬಂದ ಕೂಡಲೇ ಪತ್ರಿಕೆ ಹಿಡಿದು ಕೊಂಕಲ್ಲಿಗೆ ಹೋದರು. ತಾನು ಬರೆದ ಎರಡು ಸಾಲಿನಿಂದ ಒಬ್ಬ ಮನುಷ್ಯ ಸಾಯಲಿಕ್ಕೆ ಹತ್ತಿದ್ದಾನೆ ಎಂದು ತಿಳಿದ ಮೇಲೆ ಅಂಗಡಿಯಲ್ಲಿ ಕೂಡುವುದು ಹೇಗೆ.

ಹುಲಗಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಮಾವ ಅವನ ಕಾಲ ಹತ್ತಿರ ಕೂತರು.

"ಕಾಕಾ, ನನ್ನ ತಪ್ಪು. ಸುಳ್ಳ ಬರದೀನಿ. ನೋಡ್ರಿ, ಈ ವಾರ ತಿದ್ದಿ ಹಾಕ್ಯಾರ. ಓದ್ತೀನಿ ಕೇಳ್ರಿ."

ಓದಿದರು. ಹುಲಗಪ್ಪ ಪೂರಾ ಕೇಳಿ ತಿರುಗಿದ.

"ಹ್ವಾದ ವಾರದ್ದೂ ಇದ ಮಿಶನ್ನಿನ್ಯಾಗ ಛಾಪಾ ಆಗಿತ್ತೇನ್ರಿ?"

"ಹೌದ್ರಿ."

"ಮತ್ತ ಯಾವುದು ನಂಬ್ಲಿ? ಕಾಗಿಗಿ ಹೇಳಿದ್ದು ಬಾಯಿ ಮಾತು, ಗಾಳಿಗಿ ಹೋಗ್ತದ. ಇದು ಛಾಪಾ ಆಗ್ಯದ. ನಮ್ಮಪ್ಪನ ಹೆಸರ ಸೈತ ಬಂದದ."

ಅವನ ಆಯುಷ್ಯದಲ್ಲಿ ಅಚ್ಚಾದದ್ದು ಅಂದರೆ ಸರಕಾರದ ಹುಕುಮು. ಸರಕಾರವೇ ಬದಲಾದದ್ದನ್ನು ಕಂಡಿದ್ದ, ಹುಕುಮು ಸುಳ್ಳಾದದ್ದನ್ನು ಕಂಡಿರಲಿಲ್ಲ. ಮಾವ ಪತ್ರಿಕೆ ಮಡಚಿ ಎದ್ದರು. ಹೊರಗೆ ಬಂದಾಗ ಹುಲಗಪ್ಪನ ಹೆಂಡತಿ ಮಲಕಮ್ಮ ಬಾಗಿಲಲ್ಲಿ ನಿಂತಿದ್ದಳು.

"ಎರಡ ದಿನಕ್ಕೊಮ್ಮಿ ಅರ್ಧ ರೊಟ್ಟಿ ತಿಂತಾನ್ರಿ," ಅಂದಳು. "ಹಿಂಗ ಆದ್ರ ನಿಮ್ಮ ಕಾಗದ ಖರೇ ಮಾಡಿಬಿಡ್ತಾನ."

"ನಾ ಏನ ಮಾಡ್ಲಿ ಯವ್ವಾ, ಹೇಳು. ಏನ ಹೇಳಿದ್ರೂ ಮಾಡ್ತೀನಿ."

"ಅಳಿಸಿದ ಮನಿಗಿ ಹೋಗಿ ಉಂಡು ಬರಬೇಕು. ರೇಣವ್ವನ ಮನ್ಯಾಗ ಉಂಡಾನ. ಆದ್ರ ನಿಮ್ಮ ಕಾಗದ ಎಷ್ಟ ಮನಿಗಿ ಹೋಗ್ಯದ? ಆ ಮನಿಗುಳಿಗೆಲ್ಲ ಯಾರು ಹೋಗಾವ್ರು?"

ಇಂಥ ಪ್ರಶ್ನೆ ಯಾವ ಸಂಪಾದಕನಿಗೂ ಹೊಳೆದಿರಲಿಕ್ಕಿಲ್ಲ. ಮಾವ ಕಲಬುರ್ಗಿಗೆ ಬರೆದು ಚಂದಾದಾರರ ಪಟ್ಟಿ ತರಿಸಿದರು. ಸಂಪಾದಕರು ಒಳ್ಳೆಯವರು. ಬೇರೆ ತಾಲೂಕಿನವರು ಹುಲಗಪ್ಪನನ್ನು ಅರಿಯರು, ಅವರ ಕಣ್ಣಲ್ಲಿ ನೀರು ಬಂದಿರಲಾರದು, ಅವರನ್ನು ಬಿಡಿ ಎಂದು ಬರೆದು, ಶಹಾಪುರ, ಯಾದಗಿರಿ, ಸುರಪುರದ ವಿಳಾಸ ಮಾತ್ರ ಕಳಿಸಿದರು. ಇಪ್ಪತ್ತೇಳು ಮನೆ. ಮಲಕಮ್ಮ ಅದಕ್ಕೆ ಒಪ್ಪಿದಳು. ಹುಲಗಪ್ಪನನ್ನು ಒಪ್ಪಿಸಿದ್ದೂ ಅವಳೇ. ಸಾಯುವುದಾದರೆ ಪದ್ಧತಿ ಮುಗಿಸಿ ಸಾಯಿ, ನಡುವೆ ಬಿಟ್ಟರೆ ಮಕ್ಕಳ ಕೊರಳಿಗೆ ಬರುತ್ತದೆ ಅಂದಳಂತೆ.

ಅಂಗಡಿಯಲ್ಲಿ ಗೊಲ್ಲಾಳಮ್ಮತ್ತೆ ಕೂತಳು. ಮಾವ ಹುಲಗಪ್ಪನನ್ನು ಬಂಡಿಯಲ್ಲಿ ಮಲಗಿಸಿಕೊಂಡು ಹೊರಟರು. ಮೊದಲು ಯಾದಗಿರಿಯ ಎಂಟು ಮನೆ. ಪ್ರತಿ ಮನೆಯ ಮುಂದೆ ಬಂಡಿ ನಿಲ್ಲಿಸಿ ಮಾವ ಕೈ ಮುಗಿದು, "ನಾ ಶಹಾಪುರ ಬಾತ್ಮಿದಾರ. ಇವರು ಸತ್ತಾರಂತ ಸುಳ್ಳ ಬರದಿದ್ದೆ. ಇಲ್ಲಿ ಅದಾರ ನೋಡ್ರಿ. ಒಂದ ವಾಟಿ ಮಜ್ಜಿಗಿ ಕೊಡ್ರಿ," ಅನ್ನುವುದು. ಒಳಗಿನಿಂದ ಮಜ್ಜಿಗೆ ಬರುವುದು. ಹುಲಗಪ್ಪ ಎದ್ದು ಕೂತು ಕುಡಿದು ಮತ್ತೆ ಮಲಗುವುದು. ಮೊದಲ ಮನೆಯವರು ಗಾಬರಿಯಾದರು, ಎರಡನೆಯವರು ಬಿದ್ದು ಬಿದ್ದು ನಕ್ಕರು. ಮೂರನೆಯ ಮನೆಯ ಮುದುಕರು ಪತ್ರಿಕೆ ತರಿಸಿಕೊಳ್ಳುತ್ತಾರೆಯೇ ಹೊರತು ಓದುವುದಿಲ್ಲವಂತೆ. ಅಲ್ಲಿ ಹುಲಗಪ್ಪ ಎಂದೂ ಸತ್ತಿರಲೇ ಇಲ್ಲ. ಆದರೂ ಪಟ್ಟಿಯಲ್ಲಿ ಇದೆ ಎಂದು ಕುಡಿದ.

ಒಂದು ದೊಡ್ಡ ಮನೆಯಲ್ಲಿ ಅವನನ್ನು ಕಟ್ಟೆಯ ಕೆಳಗೇ ಕೂಡಿಸಿ ಬೊಗಸೆಗೆ ಮೇಲಿನಿಂದ ಹೊಯ್ದರು. ಮಾವನಿಗೆ ಒಳಗೆ ಕರೆದು ಲೋಟದಲ್ಲಿ ಕೊಟ್ಟರು. ಮಾವನ ಮುಖ ಕೆಂಪಾಯಿತು. ಬಂಡಿ ಹತ್ತಿದ ಮೇಲೆ ಹುಲಗಪ್ಪ ಆ ವಾರದಲ್ಲಿ ಮೊದಲ ಸಲ ತಾನಾಗಿ ಮಾತಾಡಿದ.

"ಕಟ್ಟಿ ಮ್ಯಾಲೋ ಕೆಳಗೋ, ಕಾಗಿಗೇನ ಗೊತ್ತಾಗ್ತದ ಬಿಡ್ರಿ ಸಾವಕಾರ್ರ."

ಶಹಾಪುರದ ಹನ್ನೆರಡು ಮನೆಗೆ ಬರುವ ಹೊತ್ತಿಗೆ ಹುಲಗಪ್ಪ ಬಂಡಿಯಲ್ಲಿ ಮಲಗುವುದನ್ನು ಬಿಟ್ಟಿದ್ದ. ಊರ ಮಂದಿ ಮೊದಲೇ ಸುದ್ದಿ ತಿಳಿದು ದಾರಿಗೆ ಬಂದು ನಿಂತಿದ್ದರು. ಪಟ್ಟಿಯಲ್ಲಿ ಇಲ್ಲದವರೂ ಮಜ್ಜಿಗೆ ತಂದರು. ಒಬ್ಬಳು ಮಜ್ಜಿಗೆಗೆ ಇಂಗು, ಕರಿಬೇವು ಹಾಕಿ ಒಗ್ಗರಣೆ ಕೊಟ್ಟಿದ್ದಳು. ಹುಲಗಪ್ಪ ಎರಡು ಲೋಟ ಕೇಳಿ ಕುಡಿದ. ಹದಿನೈದನೆಯ ಮನೆಯ ಮಜ್ಜಿಗೆ ಹುಳಿ ಅಂದ. ಅದನ್ನು ಕೇಳಿ ಮಾವನಿಗೆ ಅಳು ಬಂತು, ಯಾಕೆಂದರೆ ಸಾಯುವವನು ಮಜ್ಜಿಗೆ ಹುಳಿ ಎಂದು ಬಯ್ಯುವುದಿಲ್ಲ. ಸುರಪುರಕ್ಕೆ ಇಬ್ಬರೂ ಬಸ್ಸಿನಲ್ಲಿ ಹೋದರು. ಅಲ್ಲಿ ಆರು ಮನೆ. ಉಳಿದದ್ದು ಒಂದೇ, ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ. ವಿಳಾಸದಲ್ಲಿ "ಅಮೀನಸಾಬ, ಶಿಕ್ಷಕರು" ಎಂದಿತ್ತು.

ಆ ಹೆಸರು ಓದಿ ಹೇಳಿದಾಗ ಹುಲಗಪ್ಪ ಬಸ್ಸಿನ ಕಿಟಕಿಯ ಹೊರಗೆ ನೋಡಿದ.

ಅಮೀನಸಾಬರು ಉರ್ದು ಸಾಲೆಯ ಮಾಸ್ತರರು. ಹೊಸ ಕಾಲದಲ್ಲಿ ಕನ್ನಡ ಪರೀಕ್ಷೆ ಪಾಸಾಗದಿದ್ದರೆ ನೌಕರಿ ಉಳಿಯುವುದಿಲ್ಲ ಎಂದು ಯಾರೋ ಹೆದರಿಸಿದ್ದರು. ಅದಕ್ಕೆ ಐವತ್ತರ ಹತ್ತಿರದ ವಯಸ್ಸಿನಲ್ಲಿ ಕನ್ನಡ ಅಕ್ಷರ ಕಲಿಯುತ್ತ, ಓದಿನ ರೂಢಿಗೆ ಈ ಪತ್ರಿಕೆ ತರಿಸುತ್ತಿದ್ದರು. ಹೆಂಡತಿ ಮದೀನಾಬೀ ಪಕ್ಕದಲ್ಲಿ ಕೂತು ಕೇಳುವುದು, ಅವರು ಒಂದೊಂದೇ ಅಕ್ಷರ ಕೂಡಿಸಿ ಓದುವುದು. ಹುಲಗಪ್ಪನ ಎರಡು ಸಾಲು ಓದಲು ಬಹಳ ಹೊತ್ತು ಹಿಡಿಯಿತಂತೆ. "ನಿಧನ" ಅನ್ನುವ ಶಬ್ದ ಅವರಿಗೆ ಬರುತ್ತಿರಲಿಲ್ಲ. ನೆರೆಮನೆಗೆ ಹೋಗಿ ಅರ್ಥ ಕೇಳಿ ಬಂದು ಹೆಂಡತಿಗೆ ಹೇಳಿದರು. ಅಂದಿನಿಂದ ಆ ಮನೆಯಲ್ಲಿ ಪತ್ರಿಕೆ ಬಿಚ್ಚಿರಲಿಲ್ಲ. ತಿದ್ದುಪಡಿ ಬಂದ ಸಂಚಿಕೆ ಸುತ್ತಿದ ಹಾಗೇ ಗೂಡಿನಲ್ಲಿತ್ತು.

ಮಾವ ಬಾಗಿಲಲ್ಲಿ ನಿಂತು ಕೈ ಮುಗಿದು ತಮ್ಮ ಪಾಠ ಶುರು ಮಾಡುವಷ್ಟರಲ್ಲಿ ಹುಲಗಪ್ಪ ಅವರನ್ನು ದಾಟಿ ಸೀದಾ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕೂತುಬಿಟ್ಟ. ಒಳಗಿದ್ದ ಮದೀನಾಬೀ ತಿರುಗಿ ನೋಡಿದಳು. ಕೈಯಲ್ಲಿದ್ದ ಸೌಟು ಬಿತ್ತು. ಹತ್ತಿರ ಬಂದು ಅವನ ಮುಖ, ಭುಜ, ಕೈ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಅವನ ಮೊಣಕಾಲಿಗೆ ತಲೆಯಿಟ್ಟು ಅತ್ತಳು. ಅಮೀನಸಾಬರು ಗೋಡೆ ಹಿಡಿದು ನಿಂತಿದ್ದರು.

ಅಳು ತೀರಿದ ಮೇಲೆ ಮಾವ ಯಾರೆಂದು ಅವಳಿಗೆ ತಿಳಿಯಿತು.

"ಬರದಾವ್ರು ನೀವೇನ್ರಿ?"

"ಹೌದವ್ವ. ತಪ್ಪಾತು."

"ಮುನ್ನೂರು ಕುರಿ ಇದ್ದವು ಅಂತ ಬರದ್ರಿ. ಕುರಿ ಎಣಿಸಿದ್ರಿ. ಮನಷ್ಯಾ ಎಂಥಾಂವ ಅಂತ ಯಾರನ್ನೂ ಕೇಳಲಿಲ್ಲ."

ಆಮೇಲೆ ಅವಳೇ ಹೇಳಿದಳು. ನಲವತ್ತೆಂಟರ ಸೆಪ್ಟೆಂಬರ. ದಿಲ್ಲಿಯ ಸೈನ್ಯ ಬಂದು ನಿಜಾಮರು ಶರಣಾದ ವಾರ. ಆಗ ಅಮೀನಸಾಬರ ಸಾಲೆ ಕೊಂಕಲ್ಲಿನ ಆಚೆ ಒಂದು ಹಳ್ಳಿಯಲ್ಲಿ. ಹಿಂದಿನ ವರ್ಷ ರಜಾಕಾರರು ಮಾಡಿದ್ದಕ್ಕೆ ಸೇಡು ಎಂದು ಸುತ್ತಿನ ಊರಿನ ಕೆಲವರು ಕುಡಗೋಲು ಹಿಡಿದು ಸಾಬರ ಮನೆ ಹುಡುಕುತ್ತ ಬಂದರು. ಯಾರಿಗೂ ಕೆಟ್ಟದ್ದು ಮಾಡದ ಮಾಸ್ತರರ ಮನೆಗೂ ಬಂದರು. ಅಷ್ಟರಲ್ಲಿ ಹುಲಗಪ್ಪ ಹಿತ್ತಲಿನಿಂದ ಬಂದು ಗಂಡ ಹೆಂಡತಿಗೆ ಕಂಬಳಿ ಹೊದಿಸಿ ಹಿಂಡಿನೊಳಗೆ ಸೇರಿಸಿಕೊಂಡ. ಗುಡ್ಡದಿಂದ ಗುಡ್ಡಕ್ಕೆ ಹನ್ನೊಂದು ದಿನ. ಮಾಸ್ತರರ ಗಡ್ಡವನ್ನು ಕುರಿಯ ಕತ್ತರಿಯಿಂದ ಕತ್ತರಿಸಿದ. ಮದೀನಾಬೀಯ ಕನ್ನಡ ಕೇಳಿದರೆ ಗುರುತು ಸಿಗುತ್ತದೆ ಎಂದು, ಎದುರು ಬಂದವರಿಗೆ ಇವಳು ನನ್ನ ತಂಗಿ, ಮೂಕಿ ಎಂದು ಹೇಳಿದ.

"ಕುಡಗೋಲು ಹಿಡದಾವ್ರು ನನ್ನ ಮುಂದ ಕುಂತು ಇಂವನ ಕಡಿಂದ ಕುರಿಹಾಲು ಇಸಗೊಂಡು ಕುಡದಾರ. ನಾ ಬಾಯಿ ತೆರದಿಲ್ಲ."

ಮಾವ ಜೇಬಿನಿಂದ ಪೆನ್ಸಿಲು ತೆಗೆದಿದ್ದರು. ಮುಂದಿನದೂ ಸೇರಿ ಅವರ ಆರು ವರ್ಷದ ಬಾತ್ಮಿದಾರಿಕೆಯಲ್ಲಿ ಕೈಗೆ ಬಂದ ದೊಡ್ಡ ಬಾತ್ಮಿ ಇದೊಂದೇ. ಕಂಡವರು ಎದುರಿಗೇ ಕೂತಿದ್ದರು.

"ಕಾಕಾ, ಇದನ್ನ ಬರೀಲೇನು?"

"ಬ್ಯಾಡ್ರಿ," ಅಂದ ಹುಲಗಪ್ಪ. "ವರ್ಷಾ ವರ್ಷಾ ಆ ಕುಡಗೋಲಿನ ಮಂದಿ ಹೊಲದಾಗ ನಮ್ಮ ಹಿಂಡು ರಾತ್ರಿ ತರಬಿ ನಿಲ್ಲಸ್ತೀವಿ. ಗೊಬ್ಬರಕ್ಕ ಅವರು ಕರೀತಾರ, ಮೇವಿಗಿ ನಾವು ಹೋಗ್ತೀವಿ. ನೀವು ಬರದ್ರ ನಾ ದೊಡ್ಡಾಂವ ಆಗ್ತೀನಿ, ಅವರು ಸಣ್ಣಾವ್ರು ಆಗ್ತಾರ. ಹಂಗಾದ್ರ ಒಂದ ಸೀಮ್ಯಾಗ ಬದಕಾಕ ಆಗೂದಿಲ್ಲ."

"ಮತ್ತ ನಾ ಇನ್ನೂ ಮೂಕಿ ಆಗೇ ಇರಬೇಕೇನು ಅಣ್ಣಾ?" ಅಂದಳು ಮದೀನಾಬೀ.

ಹುಲಗಪ್ಪ ಒಲೆಯ ಬೂದಿಯನ್ನು ಕಡ್ಡಿಯಿಂದ ಕೆದರಿದ.

"ನಾ ಇರೂತನಾ ಬ್ಯಾಡವ್ವ," ಅಂದ ಕಡೆಗೆ.

ಮಾವ ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡರು. ಅವಳದೂ ಖರೆ, ಇವನದೂ ಖರೆ, ಇಬ್ಬರ ನಡುವೆ ಬಾತ್ಮಿದಾರ ಏನು ಮಾಡಬೇಕೆಂದು ಸಂಪಾದಕರ ಕಾಗದದಲ್ಲಿ ಇರಲಿಲ್ಲ. ಮದೀನಾಬೀ ಎದ್ದು ಎರಡು ಲೋಟ ಮಜ್ಜಿಗೆ ತಂದಳು. ಹುಲಗಪ್ಪ ಗಟಗಟ ಕುಡಿದ. ಇನ್ನೊಂದು ಲೋಟ ಮಾವನ ಮುಂದೆ ಇತ್ತು. ಲಿಂಗ ಕಟ್ಟಿಕೊಂಡವರು ಸಾಬರ ಮನೆಯಲ್ಲಿ ನೀರು ಸಹ ಮುಟ್ಟದ ಕಾಲ ಅದು. ಮಾವ ಒಂದು ಕ್ಷಣ ಲೋಟ ನೋಡಿದರು, ಕುಡಿದರು. ಇದನ್ನು ತಂಗಿಗೆ ಹೇಳಿದಾಗ, ನಿಮ್ಮತ್ತಿಗೆಗೆ ಮಾತ್ರ ಹೇಳಬೇಡ ಅಂದಿದ್ದರಂತೆ. ಅವ್ವ ಮರುದಿನವೇ ಹೇಳಿದಳು.

ಕೊಂಕಲ್ಲಿಗೆ ಮರಳಿದ ಹುಲಗಪ್ಪ ದೇವಿಂದ್ರಪ್ಪನಿಂದ ಕತ್ತರಿ ವಾಪಸು ಇಸಿದುಕೊಂಡ. ಮಾವ ಪತ್ರಿಕೆಗೆ, "ಹುಲಗಪ್ಪನವರು ಕ್ಷೇಮ. ಇಪ್ಪತ್ತೇಳು ಮನೆಗಳಲ್ಲಿ ಖುದ್ದು ಕಾಣಿಸಿಕೊಂಡಿದ್ದಾರೆ," ಎಂದು ಬರೆದು, ತಪ್ಪು ಮಾಡಿದವನ ಹೆಸರು ಕೆಳಗೆ ಇರಲಿ ಎಂದು ತಮ್ಮ ಹೆಸರು ಹಾಕಿದರು. ಸಂಪಾದಕರು ಅದನ್ನು ಹೊಡೆದು "ನಮ್ಮ ಶಹಾಪುರ ಬಾತ್ಮಿದಾರರಿಂದ" ಎಂದೇ ಅಚ್ಚು ಹಾಕಿದರು. ತಪ್ಪೂ ನಮ್ಮದೇ ಎಂದು ಒಂದು ಕಾರ್ಡು ಬರೆದಿದ್ದರು. ಅಂಥ ಸಂಪಾದಕರು ಈಗ ಎಲ್ಲಿದ್ದಾರೋ ನನಗೆ ತಿಳಿಯದು. ಐವತ್ತಾರರಲ್ಲಿ ಕನ್ನಡದ ಸೀಮೆಗಳೆಲ್ಲ ಒಂದಾದವು, ಮುಂದಿನ ವರ್ಷ ಆ ಪತ್ರಿಕೆ ನಿಂತಿತು. ಮಾವನನ್ನು ಮಂದಿ ಬಾತ್ಮಿದಾರ ಎಂದು ಕರೆಯುವುದು ನಿಲ್ಲಲಿಲ್ಲ.

ಹುಲಗಪ್ಪ ಇನ್ನೂ ಹದಿನಾಲ್ಕು ವರ್ಷ ಬದುಕಿದ. ಅವನು ಹೋದ ಸುದ್ದಿ ತಂದವನೂ ದೇವಿಂದ್ರಪ್ಪನೇ. ಮಾವ ಅವನ ಮುಖ ನೋಡಿದರು. "ಕಾಗಿ ಅಲ್ರಿ ಸಾವಕಾರ್ರ," ಅಂದ ಅವನು. ಮಾವ ಅವನ ಜೊತೆ ಕೊಂಕಲ್ಲಿಗೆ ಹೋಗಿ, ಮಣ್ಣು ಮಾಡುವುದನ್ನು ಕಂಡು, ಅಲ್ಲಿಂದ ಮನೆಗೆ ಬರದೆ ಬಸ್ಸು ಹಿಡಿದು ತಿಂಥಣಿಗೆ ಹೋದರು. ಅಮೀನಸಾಬರು ತೀರಿಹೋಗಿ ಎರಡು ವರ್ಷವಾಗಿತ್ತು. ಮದೀನಾಬೀ ಒಬ್ಬಳೇ ಇದ್ದಳು. ಮಾವ ಅವಳನ್ನು ಕರೆದುಕೊಂಡು ಬಂದರು.

ಮೂರನೆಯ ದಿನ ಗೋರಿಗೆ ಹಾಲು ಬಿಡುವ ಶಾಸ್ತ್ರ. ನಾನು ಆಗಷ್ಟೇ ಮಾಸ್ತರಿಕೆಯ ಟ್ರೇನಿಂಗ್ ಮುಗಿಸಿದ್ದೆ. ಅವ್ವ, ನಾನು ಇಬ್ಬರೂ ಹೋಗಿದ್ದೆವು. ಸುತ್ತಿನ ಊರುಗಳಿಂದ ಮಂದಿ ಬಂದಿದ್ದರು. ಹೊಲದಲ್ಲಿ ಅವನ ಹಿಂಡು ತರುಬಿಸಿಕೊಂಡವರೆಲ್ಲ ಬಂದು ಜಾಲಿಯ ಗಿಡದ ಕೆಳಗೆ ನಿಂತಿದ್ದರು. ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಮಣ್ಣಿನ ಹತ್ತಿರ ಕೂತು ಹಾಡ್ಯಾಡಿ ಅಳುತ್ತಿದ್ದರು. ಮಲಕಮ್ಮ ಅತ್ತಳು, ರೇಣಮ್ಮ ಅತ್ತಳು. ಆಮೇಲೆ ಮದೀನಾಬೀ ಬಂದು ಕೂತಳು. ಹಾಗೆ ಅಳುವವಳನ್ನು ನಡುವೆ ತಡೆಯಬಾರದು, ಅವಳು ಏನು ಹೇಳಿದರೂ ಕೇಳಬೇಕು ಅನ್ನುವುದು ನಮ್ಮ ಕಡೆಯ ರೀತಿ.

"ಕಂಬಳಿ ಹೊಚ್ಚಿ ಕರಕೊಂಡು ಹೋದ್ಯಲ್ಲೋ ನನ್ನಣ್ಣಾ," ಎಂದು ಎತ್ತಿಕೊಂಡಳು. "ಹನ್ನೊಂದು ದಿನ ಹಿಂಡಿನಾಗ ಮರಿ ಮಾಡಿ ಇಟ್ಟೆಲ್ಲೋ ನನ್ನಣ್ಣಾ. ಕುಡಗೋಲು ಬಂದು ಕುಂತಾಗ ತಂಗಿ ಅಂದೆಲ್ಲೋ ನನ್ನಣ್ಣಾ."

ಅವಳು ಯಾವುದನ್ನೂ ಬಿಡಲಿಲ್ಲ. ಯಾವ ಗುಡ್ಡ, ಯಾವ ಹಳ್ಳ, ಯಾವ ದಿನ ಏನು ಉಂಡದ್ದು, ಯಾವ ದಿನ ಉಪವಾಸ, ಎಲ್ಲ ಹೇಳಿದಳು. ಯಾರ ಹೆಸರನ್ನೂ ಎತ್ತಲಿಲ್ಲ. ಜಾಲಿಯ ಗಿಡದ ಕೆಳಗಿದ್ದವರಲ್ಲಿ ಮೂರು ನಾಲ್ಕು ಮಂದಿ ವಯಸ್ಸಾದವರು ತಲೆ ಕೆಳಗೆ ಹಾಕಿದರು. ಅವರ ಮಕ್ಕಳು, ಸೊಸೆಯಂದಿರು ಪಕ್ಕದಲ್ಲೇ ನಿಂತು ಕೇಳುತ್ತಿದ್ದರು. ಮಾವ ನನ್ನ ಮುಂದೆ ಕೈ ಕಟ್ಟಿಕೊಂಡು ನಿಂತಿದ್ದರು.

ಬಹಳ ಹೊತ್ತು ಹಾಡಿ ಅವಳ ದನಿ ಕಟ್ಟಿತು. ಆಗ ಆ ತಲೆ ತಗ್ಗಿಸಿದವರಲ್ಲಿ ಒಬ್ಬ ಮುದುಕ ಒಂದು ಚರಿಗೆ ನೀರು ತಂದು ಅವಳ ಪಕ್ಕದಲ್ಲಿ ಇಟ್ಟು, ಅಲ್ಲೇ ನೆಲದ ಮೇಲೆ ಕೂತ. ಮದೀನಾಬೀ ತಲೆಯೆತ್ತಿ ಅವನ ಮುಖವನ್ನು ನೋಡಿದಳು. ಅವಳಿಗೆ ಗುರುತು ಸಿಕ್ಕಿತು, ಸಿಕ್ಕಿದ್ದು ನಮಗೂ ಕಂಡಿತು. ಅವಳು ನೀರು ಕುಡಿದು, ಚರಿಗೆಯನ್ನು ಅವನ ಕೈಗೆ ಕೊಟ್ಟು, ನಿಲ್ಲಿಸಿದ್ದ ಕಡೆಯಿಂದ ಮತ್ತೆ ಶುರು ಮಾಡಿದಳು.